ಮೈಮೇಲೆ ಎಗರುವ ನಾಯಿಗೆ ನಾಲ್ಕು ಕಾಲೂ ನೆಲದ ಮೇಲಿಡಲು ಕಲಿಸುವುದು ಹೇಗೆ?

ಬಾಗಿಲು ತೆರೆದ ಕೂಡಲೇ ಮುಂಗಾಲೆರಡೂ ನಿಮ್ಮ ಎದೆಯ ಮೇಲಿರುತ್ತವೆ. ಮನೆಗೆ ಬಂದವರ ಬಟ್ಟೆಯ ಮೇಲೆ ಕೆಸರಿನ ಗುರುತು, ಕೈಮೇಲೆ ಉಗುರಿನ ಗೀರು. ಆರು ತಿಂಗಳಿಂದ ಎರಡು ವರ್ಷದೊಳಗಿನ ಚುರುಕು ನಾಯಿ ಇರುವ ಮನೆಗಳಲ್ಲಿ ಇದು ದಿನನಿತ್ಯದ ಪಾಡು. ಇದು ನಾಯಿಯ ಸೊಕ್ಕಲ್ಲ. ನಿಮ್ಮ ಮೇಲೆ ದೊಡ್ಡಸ್ತಿಕೆ ತೋರಿಸುವ ಪ್ರಯತ್ನವೂ ಅಲ್ಲ. ಹೆಚ್ಚಿನ ಸಲ ಅದು ಬರೀ ಖುಷಿ. ಆದರೆ 25 ಕಿಲೋ ತೂಗುವ ನಾಯಿ ಖುಷಿಯಿಂದಲೇ ಎಗರಿದರೂ ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಚಿಕ್ಕ ಮಗುವಿಗೆ ನಾಯಿ ಅಂದರೆ ಜೀವನವಿಡೀ ಭಯ ಹತ್ತಬಹುದು. ಹಾಗಾಗಿ "ದೊಡ್ಡದಾದ ಮೇಲೆ ತಾನಾಗೇ ಬಿಡುತ್ತದೆ" ಎಂದು ಕಾಯುವುದು ಸರಿಯಲ್ಲ. ತಾನಾಗೇ ಬಿಡುವ ನಾಯಿಗಳು ಕಡಿಮೆ. ಅಭ್ಯಾಸ ಗಟ್ಟಿಯಾಗುವ ನಾಯಿಗಳೇ ಜಾಸ್ತಿ.

ಯಾಕೆ ಎಗರುತ್ತದೆ

ಮರಿಗಳು ದೊಡ್ಡ ನಾಯಿಗಳನ್ನು ಎದುರುಗೊಳ್ಳುವಾಗ ಅವುಗಳ ಬಾಯಿಯ ಅಂಚನ್ನು ನೆಕ್ಕುತ್ತವೆ. ತೋಳದ ಮರಿಗಳೂ ಹೀಗೇ ಮಾಡುತ್ತವೆ. ಬೇಟೆಯಿಂದ ಮರಳಿದ ದೊಡ್ಡ ತೋಳದ ಬಾಯಿ ನೆಕ್ಕಿದರೆ ಅದು ತಿಂದದ್ದನ್ನು ಕಕ್ಕಿ ಮರಿಗೆ ಕೊಡುತ್ತದೆ. ನಮ್ಮ ಮುಖ ಎತ್ತರದಲ್ಲಿದೆ. ಅಲ್ಲಿಗೆ ತಲುಪಲು ನಾಯಿಗೆ ನೆಗೆಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಶುರುವಾಗುವುದು ಹೀಗೆ. ಆದರೆ ಅದು ಮುಂದುವರಿಯುವುದು ನಮ್ಮಿಂದ. ಎಂಟು ವಾರದ ಮರಿ ನಮ್ಮ ಕಾಲಿಗೆ ಕಾಲು ಆನಿಸಿದಾಗ ಎತ್ತಿಕೊಂಡು ಮುದ್ದು ಮಾಡುತ್ತೇವೆ. ಎಂಟು ತಿಂಗಳಲ್ಲಿ ಅದೇ ಕೆಲಸ ಮಾಡಿದರೆ ಬೈಯುತ್ತೇವೆ. ನಾಯಿಗೆ ಈ ಬದಲಾವಣೆ ಅರ್ಥವಾಗುವುದಿಲ್ಲ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಪೆಟ್ಟಿಗೆಯೊಳಗೆ ಬೆಕ್ಕುಗಳನ್ನಿಟ್ಟು ನಡೆಸಿದ ಪ್ರಯೋಗಗಳು ಪ್ರಸಿದ್ಧ. ಯಾವ ಕೆಲಸದಿಂದ ತನಗೆ ಬೇಕಾದ್ದು ಸಿಗುತ್ತದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂಬುದು ಅದರಲ್ಲಿ ಗೊತ್ತಾಯಿತು. ಎಗರುವ ನಾಯಿಗೆ ಬೇಕಾದ್ದು ನಿಮ್ಮ ಗಮನ. ನೀವು ಅದರತ್ತ ನೋಡಿದರೆ ಗಮನ ಸಿಕ್ಕಿತು. "ಏಯ್, ಬೇಡ!" ಎಂದು ಕೂಗಿದರೂ ಸಿಕ್ಕಿತು. ಎರಡೂ ಕೈಯಿಂದ ತಳ್ಳಿದರಂತೂ ಅದು ಆಟವೇ ಆಯಿತು, ಅಲ್ವಾ?

ಇನ್ನೊಂದು ವಿಷಯವಿದೆ. ಹೆಚ್ಚಿನ ಮನೆಗಳು ಸೋಲುವುದು ಇಲ್ಲೇ. ಐದು ಸಲ ಬೈದು ಆರನೇ ಸಲ ಮುದ್ದು ಮಾಡಿದರೆ ಅಭ್ಯಾಸ ಕಡಿಮೆಯಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಕೆಲಸ ಇದನ್ನು ಚೆನ್ನಾಗಿ ತೋರಿಸಿತು. ಯಾವಾಗಲೋ ಒಮ್ಮೆ ಮಾತ್ರ ಫಲ ಕೊಡುವ ನಡವಳಿಕೆಯನ್ನು ಬಿಡಿಸುವುದು, ಪ್ರತಿ ಸಲವೂ ಫಲ ಕೊಡುತ್ತಿದ್ದುದನ್ನು ಬಿಡಿಸುವುದಕ್ಕಿಂತ ಕಷ್ಟ. ಆಫೀಸ್ ಬಟ್ಟೆಯಲ್ಲಿದ್ದಾಗ ಬೈದು, ಮನೆ ಬಟ್ಟೆಯಲ್ಲಿದ್ದಾಗ ಅಪ್ಪಿಕೊಂಡರೆ ನಾಯಿ ಪ್ರತಿ ಸಲವೂ ಪ್ರಯತ್ನಿಸಿ ನೋಡುತ್ತದೆ.

ಮೊದಲು ಮನೆಯವರ ತಯಾರಿ

"ಎಗರಬೇಡ" ಎನ್ನುವುದು ನಾಯಿ ಮಾಡಿ ತೋರಿಸಬಹುದಾದ ಕೆಲಸವಲ್ಲ. ಅದರ ಬದಲು ಏನು ಮಾಡಬೇಕು ಎಂದು ಮೊದಲು ನೀವು ತೀರ್ಮಾನಿಸಿ. ನನ್ನ ಸಲಹೆ: ಮೊದಲು ನಾಲ್ಕು ಕಾಲೂ ನೆಲದ ಮೇಲಿರಲಿ, ಅಷ್ಟು ಸಾಕು. ಕೂರುವುದು ಆಮೇಲೆ. ಕುಣಿಯುತ್ತಿರುವ ಎಳೆ ನಾಯಿಗೆ ಏಕಾಏಕಿ ಕೂರು ಎನ್ನುವುದು ದೊಡ್ಡ ಬೇಡಿಕೆ. ಬಾಲ ಅಲ್ಲಾಡಲಿ, ಮೈಯೆಲ್ಲ ಬಳುಕಲಿ, ಕಾಲು ಮಾತ್ರ ಕೆಳಗಿರಲಿ.

ಮನೆಯವರೆಲ್ಲ ಒಟ್ಟಿಗೆ ಕೂತು ಈ ನಿಯಮ ಒಪ್ಪಿಕೊಳ್ಳಿ. ಎಗರಿದರೆ ಯಾರೂ ಮುಟ್ಟಬಾರದು, ಮಾತಾಡಬಾರದು, ನೋಡಬಾರದು. ಕಾಲು ಕೆಳಗಿದ್ದರೆ ಎಲ್ಲರೂ ಮಾತಾಡಿಸಬೇಕು. ಒಬ್ಬರು ಒಪ್ಪದಿದ್ದರೂ ಕೆಲಸ ಎಳೆಯುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದೂವರೆಯಿಂದ ಎರಡು ಮೀಟರ್ ಉದ್ದದ ಸಾದಾ ಲೀಶ್ (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ), ಎದೆಗೆ ಹಾಕುವ ಪಟ್ಟಿ ಅಂದರೆ ಹಾರ್ನೆಸ್, ಒಂದು ಚಾಪೆ, ಸಾಧ್ಯವಾದರೆ ಮಕ್ಕಳಿಗಾಗಿ ಬಾಗಿಲಿಗೆ ಹಾಕುವಂಥ ಒಂದು ಚಿಕ್ಕ ಗೇಟು. ಟ್ರೀಟ್, ಅಂದರೆ ಬಹುಮಾನವಾಗಿ ಕೊಡುವ ತಿನಿಸು, ಬಟಾಣಿ ಕಾಳಿನಷ್ಟು ಚಿಕ್ಕದಾಗಿರಲಿ, ಮೆತ್ತಗಿರಲಿ, ಒಂದೇ ಗುಟುಕಿಗೆ ನುಂಗುವಂತಿರಲಿ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಹೆಚ್ಚಿನ ನಾಯಿಗಳಿಗೆ ಇಷ್ಟ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಜೈಲಿಟಾಲ್ ಎಂಬ ಸಿಹಿ ಇರುವ ಯಾವುದನ್ನೂ ಕೊಡಬೇಡಿ. ಇವೆಲ್ಲ ನಾಯಿಗೆ ವಿಷ. ದಿನದ ಒಟ್ಟು ಆಹಾರದ ಕ್ಯಾಲೊರಿಯಲ್ಲಿ ಟ್ರೀಟ್‌ನ ಪಾಲು ಶೇ. 10 ದಾಟದಿರಲಿ. ಆ ದಿನ ತುಂಬ ಕಲಿಸಿದರೆ ಊಟದ ಪಾಲು ಕಡಿಮೆ ಮಾಡಿ, ಇಲ್ಲವೇ ಅದರ ಊಟದ ಒಣ ಆಹಾರದ ಕಾಳುಗಳನ್ನೇ ಟ್ರೀಟ್ ಆಗಿ ಬಳಸಿ.

ನಾಯಿಯ ದಿನಚರಿಯನ್ನೂ ಒಮ್ಮೆ ನೋಡಿ. ಚಟುವಟಿಕೆ ಸಾಲದ ನಾಯಿ ಎಗರುತ್ತದೆ. ನಿದ್ದೆ ಸಾಲದ ನಾಯಿಯೂ ಎಗರುತ್ತದೆ, ಇದು ಹಲವರಿಗೆ ಗೊತ್ತಿರುವುದಿಲ್ಲ. ಮರಿಗಳು ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತವೆ. ಸಂಜೆ ಹೊತ್ತು ಹುಚ್ಚೆದ್ದು ಓಡಾಡುವ, ಕಚ್ಚುವ, ಎಗರುವ ಮರಿಗೆ ಹಲವು ಸಲ ಬೇಕಾಗಿರುವುದು ಇನ್ನೊಂದು ಓಟವಲ್ಲ, ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ನಿದ್ದೆ. ವ್ಯಾಯಾಮ ಅಂದರೆ ಬರೀ ಓಟ ಅಂತಲೂ ಅಲ್ಲ. ವಾಕಿಂಗ್ ಹೋದಾಗ ಮೂಸಲು ಬಿಡಿ. ಹುಲ್ಲಿನ ಮೇಲೆ ಕಾಳು ಎರಚಿ ಹುಡುಕಲು ಬಿಡಿ. ಮೂಗಿಗೆ ಕೆಲಸ ಸಿಕ್ಕಿದ ನಾಯಿ ತಣ್ಣಗಾಗುತ್ತದೆ.

ಹೆಜ್ಜೆ 1: ಕಾಲು ಕೆಳಗಿದ್ದರೆ ಒಳ್ಳೆಯದಾಗುತ್ತದೆ

ಯಾರೂ ಇಲ್ಲದ ಕೋಣೆಯಲ್ಲಿ, ನಾಯಿ ಸಾಧಾರಣ ಶಾಂತವಾಗಿರುವಾಗ ಶುರು ಮಾಡಿ. ಕೈಯಲ್ಲಿ ಹತ್ತು ಹದಿನೈದು ತುಣುಕು ಟ್ರೀಟ್ ಇರಲಿ. ಸುಮ್ನೆ ನಿಂತುಕೊಳ್ಳಿ. ನಾಲ್ಕು ಕಾಲೂ ನೆಲದ ಮೇಲಿರುವಾಗ "ಯೆಸ್" ಎನ್ನಿ. ಕೂಡಲೇ ಒಂದು ತುಣುಕನ್ನು ಅದರ ಮುಂಗಾಲುಗಳ ನಡುವೆ ನೆಲದ ಮೇಲಿಡಿ. "ಯೆಸ್" ಬದಲು ಬೇರೆ ಚಿಕ್ಕ ಪದವಾದರೂ ಸರಿ, ಒತ್ತಿದರೆ ಟಿಕ್ ಎನ್ನುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನವಾದರೂ ಸರಿ. ಆದರೆ ಯಾವಾಗಲೂ ಒಂದೇ ಇರಲಿ. ನಾಯಿ ಯಾವುದಕ್ಕಾಗಿ ಬಹುಮಾನ ಪಡೆಯಿತೋ ಆ ಕ್ಷಣದಲ್ಲೇ ಆ ಸದ್ದು ಬರಬೇಕು. ಎರಡು ಮೂರು ಸೆಕೆಂಡ್ ತಡವಾದರೂ ನಾಯಿ ಅಷ್ಟರಲ್ಲಿ ಬೇರೇನೋ ಮಾಡುತ್ತಿರುತ್ತದೆ. ಬಹುಮಾನ ಅದಕ್ಕೇ ಸಿಕ್ಕಿತು ಎಂದು ತಿಳಿಯುತ್ತದೆ.

ಟ್ರೀಟ್ ನೆಲದಲ್ಲೇ ಯಾಕೆ? ನಾಯಿಯ ಗಮನ ಬಹುಮಾನ ಬರುವ ಜಾಗದ ಕಡೆ ಇರುತ್ತದೆ. ಎದೆಮಟ್ಟದಲ್ಲಿ ಕೈ ಹಿಡಿದು ಕೊಟ್ಟರೆ ನಾವೇ ಅದನ್ನು ಮೇಲಕ್ಕೆ ಎಳೆದಂತೆ. ನೆಲದಲ್ಲಿ ಸಿಕ್ಕಿದರೆ ಅದರ ಮೂಗು, ಕಣ್ಣು, ಭಾರ ಎಲ್ಲ ಕೆಳಗೇ ಉಳಿಯುತ್ತವೆ. ಈ ಒಂದು ಸಣ್ಣ ಬದಲಾವಣೆಯಿಂದಲೇ ಅರ್ಧ ಕೆಲಸ ಆಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಮೊದಲು ಒಂದೆರಡು ಸೆಕೆಂಡಿಗೊಂದು ತುಣುಕು ಕೊಡಿ. ಎಗರಲು ಬಿಡುವೇ ಇರಬಾರದು. ಆಮೇಲೆ ಮೂರು ಸೆಕೆಂಡ್, ಐದು, ಹತ್ತು. ನಡುವೆ ಎಗರಿದರೆ ಕೈ ಕಟ್ಟಿ, ಮುಖ ಬೇರೆ ಕಡೆ ತಿರುಗಿಸಿ, ಏನೂ ಹೇಳಬೇಡಿ. ಕಾಲು ಕೆಳಗೆ ಬಂದ ಮೇಲೆ ಎರಡು ಮೂರು ಸೆಕೆಂಡ್ ಹಾಗೇ ನಿಲ್ಲಲಿ, ಆಮೇಲೆ ಕೊಡಿ. ಆ ಎರಡು ಮೂರು ಸೆಕೆಂಡ್ ತುಂಬ ಮುಖ್ಯ. ಇಳಿದ ಕೂಡಲೇ ಕೊಟ್ಟರೆ ಚುರುಕು ನಾಯಿ ಇಡೀ ಸರಣಿಯನ್ನೇ ಕಲಿಯುತ್ತದೆ: ಎಗರು, ಇಳಿ, ತಿನ್ನು. ಆಮೇಲೆ ಟ್ರೀಟ್ ಬೇಕೆಂದಾಗಲೆಲ್ಲ ಎಗರಿ ಇಳಿಯುತ್ತದೆ. ಈ ತಪ್ಪಿಗೆ ಪರಿಹಾರವೂ ಸುಲಭ. ಎಗರದೇ ಇದ್ದದ್ದಕ್ಕೆ ಕೊಡುವ ತುಣುಕುಗಳು ಇಳಿದದ್ದಕ್ಕೆ ಕೊಡುವುದಕ್ಕಿಂತ ಯಾವಾಗಲೂ ಜಾಸ್ತಿ ಇರಲಿ.

ಒಂದು ಪಾಠ ಎರಡು ಮೂರು ನಿಮಿಷ ಸಾಕು. ದಿನಕ್ಕೆ ನಾಲ್ಕೈದು ಸಲ ಮಾಡಿ. ನಾಯಿ ಸುಲಭವಾಗಿ ನಿಲ್ಲುತ್ತಿದೆ ಅನ್ನಿಸಿದಾಗ ಸ್ವಲ್ಪ ಸ್ವಲ್ಪವೇ ಉತ್ಸಾಹ ಸೇರಿಸಿ. ಒಂದು ಹೆಜ್ಜೆ ಮುಂದಿಡಿ. ಕೈ ಎತ್ತಿ. ಮೆಲ್ಲಗೆ ಚಪ್ಪಾಳೆ ತಟ್ಟಿ. ನಿಂತಲ್ಲೇ ಓಡುವಂತೆ ಮಾಡಿ. ಮನೆಗೆ ಬಂದವರ ದನಿಯಲ್ಲಿ "ಓಹೋ, ಹೇಗಿದ್ದೀಯ ಮರೀ!" ಎನ್ನಿ. ಒಂದರಲ್ಲಿ ಗೆದ್ದ ಮೇಲೆ ಮಾತ್ರ ಇನ್ನೊಂದು.

ಹೆಜ್ಜೆ 2: ಕಟ್ಟಿಹಾಕಿ ಅಭ್ಯಾಸ

ಇದು ನನಗೆ ಅತ್ಯಂತ ಇಷ್ಟವಾದ ಪಾಠ, ಯಾಕೆಂದರೆ ಇದರಲ್ಲಿ ನಾಯಿ ತಾನೇ ಉತ್ತರ ಕಂಡುಕೊಳ್ಳುತ್ತದೆ. ಹಾರ್ನೆಸ್ ಹಾಕಿ, ಲೀಶನ್ನು ಅಲುಗಾಡದ ಭಾರದ ವಸ್ತುವಿಗೆ ಕಟ್ಟಿ. ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ನೆಗೆದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಕಟ್ಟಿದ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗಲೂ ಬೇಡಿ.

ಈಗ ನಾಲ್ಕೈದು ಹೆಜ್ಜೆ ದೂರ ಹೋಗಿ, ನಾಯಿಯ ಕಡೆ ನಿಧಾನವಾಗಿ ಬನ್ನಿ. ಕಾಲು ನೆಲದ ಮೇಲಿರುವ ತನಕ ಬರುತ್ತಲೇ ಇರಿ. ಮುಂಗಾಲು ಎತ್ತಿತೋ, ನಿಲ್ಲಿ, ತಿರುಗಿ, ಎರಡು ಹೆಜ್ಜೆ ಹಿಂದೆ ಹೋಗಿ. ಕಾಲು ಇಳಿದರೆ ಮತ್ತೆ ಬನ್ನಿ. ಬೈಗುಳ ಬೇಡ, ಆದೇಶವೂ ಬೇಡ. ಎಗರಿದರೆ ನೀವು ದೂರವಾಗುತ್ತೀರಿ, ಇಳಿದರೆ ಹತ್ತಿರ ಬರುತ್ತೀರಿ. ಅದಕ್ಕೆ ಬೇಕಾಗಿರುವುದು ನೀವೇ ಆದ್ದರಿಂದ ಇದು ಬೇಗ ಅರ್ಥವಾಗುತ್ತದೆ. ಕೆಲವು ಸುತ್ತಿನಲ್ಲೇ ನಾಯಿ ನಿಂತು ಯೋಚಿಸುವುದು ಕಾಣುತ್ತದೆ. ಕೆಲವು ನಾಯಿಗಳು ಯಾರೂ ಹೇಳದೆ ಕೂತೂ ಬಿಡುತ್ತವೆ.

ಹತ್ತಿರ ತಲುಪಿದ ಮೇಲೆ ಟ್ರೀಟ್ ಕೆಳಗೆ ಕೊಟ್ಟು, ಎದೆಯನ್ನೋ ಭುಜದ ಬದಿಯನ್ನೋ ಮೆಲ್ಲಗೆ ಸವರಿ. ತಲೆಯ ಮೇಲೆ ಕೈ ತಂದರೆ ಹಲವು ನಾಯಿಗಳು ಮೂತಿ ಎತ್ತಿ ಜೊತೆಗೇ ನೆಗೆಯುತ್ತವೆ. ಎರಡು ಮೂರು ಸೆಕೆಂಡ್ ಸವರಿ ಹಿಂದೆ ಸರಿಯಿರಿ. ಮತ್ತೆ ಬನ್ನಿ. ಮನೆಯ ಪ್ರತಿಯೊಬ್ಬರೂ ಇದನ್ನು ಮಾಡಲಿ. ನಾಯಿ ಒಬ್ಬರ ಹತ್ತಿರ ಕಲಿತದ್ದನ್ನು ತಾನಾಗೇ ಎಲ್ಲರಿಗೂ ಅನ್ವಯಿಸುವುದಿಲ್ಲ. ಹೊಸ ವ್ಯಕ್ತಿ, ಹೊಸ ಜಾಗ ಅಂದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಹೆಜ್ಜೆ 3: ಕೂರುವುದೇ ಕೇಳುವ ರೀತಿ

"ಸಿಟ್" ಕಲಿಸುವುದು ಸುಲಭ. ಮೂಗಿನ ಹತ್ತಿರ ಟ್ರೀಟ್ ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಸರಿಸಿದರೆ ಹಿಂಭಾಗ ನೆಲಕ್ಕೆ ಇಳಿಯುತ್ತದೆ. ಕೂತ ಕ್ಷಣ "ಯೆಸ್", ಟ್ರೀಟ್. ಆಮೇಲೆ ಇದನ್ನು ದಿನದ ಎಲ್ಲ ಆಸೆಗಳಿಗೂ ಜೋಡಿಸಿ. ಊಟದ ತಟ್ಟೆ ಇಡುವ ಮೊದಲು ಕೂರಲಿ. ಬಾಗಿಲು ತೆರೆಯುವ ಮೊದಲು, ಚೆಂಡು ಎಸೆಯುವ ಮೊದಲು, ಲೀಶ್ ಬಿಚ್ಚುವ ಮೊದಲು ಕೂರಲಿ. ಏನಾದರೂ ಬೇಕಾದರೆ ಎಗರುವ ಬದಲು ಕೂರಬೇಕು ಎಂದು ಅದಕ್ಕೆ ಹೊಳೆಯಬೇಕು. ನೀವು ಹೇಳದೆಯೇ ಅದು ಬಂದು ನಿಮ್ಮ ಮುಂದೆ ಕೂತು ಮುಖ ನೋಡಿದರೆ, ಆ ಕ್ಷಣ ಬಿಟ್ಟುಬಿಡಬೇಡಿ. ಕೈಯಲ್ಲಿ ಏನೂ ಇಲ್ಲದಿದ್ದರೆ ಬಾಯ್ತುಂಬ ಹೊಗಳಿ.

ಹೆಜ್ಜೆ 4: ನೀವು ಮನೆಗೆ ಬರುವಾಗ

ದಿನದ ಅತಿ ಕಷ್ಟದ ಗಳಿಗೆ ಇದೇ. ಬಾಗಿಲಿನ ಹತ್ತಿರ, ಕೈಗೆಟಕುವಂತೆ ಒಂದು ಮುಚ್ಚಳದ ಡಬ್ಬಿಯಲ್ಲಿ ಟ್ರೀಟ್ ಇಟ್ಟಿರಿ. ಒಳಗೆ ಕಾಲಿಡುವಾಗಲೇ, ನಾಯಿ ಎಗರುವ ಮೊದಲೇ, ಒಂದು ಹಿಡಿ ತುಣುಕು ನೆಲದ ಮೇಲೆ ಎರಚಿ. ಅದರ ತಲೆ ಕೆಳಗೆ ಹೋಗುತ್ತದೆ. ಅದು ಹೆಕ್ಕಿ ತಿನ್ನುವಷ್ಟರಲ್ಲಿ ಬ್ಯಾಗ್ ಇಳಿಸಿ, ಚಪ್ಪಲಿ ಬಿಡಿ. ಆಮೇಲೆ ಪಕ್ಕಕ್ಕೆ ತಿರುಗಿ ಕುಕ್ಕುರುಗಾಲಲ್ಲಿ ಕೂತು ಮಾತಾಡಿಸಿ. ನಿಮ್ಮ ಮುಖ ಕೆಳಗೆ ಬಂದರೆ ಅದಕ್ಕೆ ನೆಗೆಯುವ ಕಾರಣವೇ ಇರುವುದಿಲ್ಲ.

ಮನೆಗೆ ಬಂದಾಗ ಹತ್ತು ನಿಮಿಷ ನಾಯಿಯನ್ನು ಪೂರ್ತಿ ಕಡೆಗಣಿಸಿ ಎಂಬ ಸಲಹೆ ಹಲವು ಕಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಗಂಟೆಗಟ್ಟಲೆ ಕಾದ ಪ್ರಾಣಿಗೆ ನಿಮ್ಮನ್ನು ಎದುರುಗೊಳ್ಳುವ ಹಕ್ಕಿದೆ. ಹೇಗೆ ಎದುರುಗೊಳ್ಳಬೇಕು ಎನ್ನುವುದನ್ನಷ್ಟೇ ನಾವು ಕಲಿಸಬೇಕು. ಕೆಲವು ನಾಯಿಗಳಿಗೆ ಬಾಯಲ್ಲಿ ಆಟಿಕೆ ಹಿಡಿದುಕೊಂಡರೆ ಸಮಾಧಾನ. ಅಂಥ ನಾಯಿಗೆ ಬಂದ ಕೂಡಲೇ ಅದರ ಇಷ್ಟದ ಆಟಿಕೆ ಕೊಡಿ.

ಹೆಜ್ಜೆ 5: ಮನೆಗೆ ಯಾರಾದರೂ ಬಂದಾಗ

ಇಲ್ಲಿ ಎರಡು ಕೆಲಸವಿದೆ: ತಡೆಯುವುದು ಒಂದು, ಕಲಿಸುವುದು ಇನ್ನೊಂದು. ನಿಮಗೆ ಕಲಿಸುವಷ್ಟು ಬಿಡುವು, ತಾಳ್ಮೆ ಇಲ್ಲದ ದಿನ ತಡೆದರೆ ಸಾಕು. ಬಾಗಿಲು ತೆರೆಯುವ ಮೊದಲು ನಾಯಿಯನ್ನು ಗೇಟಿನ ಆಚೆ ಬಿಟ್ಟು, ಅಗಿಯಲು ಏನಾದರೂ ಕೊಡಿ. ಇದು ಸೋಲಲ್ಲ. ಪ್ರತಿ ಸಲ ಎಗರಿದಾಗಲೂ ಅಭ್ಯಾಸ ಗಟ್ಟಿಯಾಗುತ್ತದೆ, ಅದಕ್ಕೆ ಅವಕಾಶ ಕೊಡದಿರುವುದೇ ಅರ್ಧ ತರಬೇತಿ.

ಕಲಿಸಲು ಒಬ್ಬ ಗೆಳೆಯನ ಸಹಾಯ ಕೇಳಿ. ಮೊದಲೇ ಫೋನಿನಲ್ಲಿ ಎಲ್ಲ ಹೇಳಿಡಿ, ಬಾಗಿಲಲ್ಲಿ ವಿವರಿಸುತ್ತ ನಿಂತರೆ ಕೆಲಸ ಕೆಡುತ್ತದೆ. ನಾಯಿ ಲೀಶಿನಲ್ಲಿರಲಿ. ಗೆಳೆಯ ಒಳಗೆ ಬರಲಿ, ಎರಡನೇ ಹೆಜ್ಜೆಯಲ್ಲಿ ಮಾಡಿದಂತೆಯೇ ಹತ್ತಿರ ಬರಲಿ, ಎಗರಿದರೆ ಹಿಂದೆ ಹೋಗಲಿ. ಒಂದು ಶಾಂತ ಭೇಟಿಯಾದ ಮೇಲೆ ಹೊರಗೆ ಹೋಗಿ, ಒಂದು ನಿಮಿಷ ಬಿಟ್ಟು ಮತ್ತೆ ಬೆಲ್ ಮಾಡಲಿ. ಹೀಗೆ ಆರೇಳು ಸಲ. ಮೊದಲ ಸಲ ಕುಣಿದಾಡಿದ ನಾಯಿಗೆ ಐದನೇ ಸಲ ಅದೇ ಮನುಷ್ಯ ಬಂದಾಗ ಅಷ್ಟು ಸಂಭ್ರಮ ಇರುವುದಿಲ್ಲ. ಸರಿಯಾಗಿ ನಡೆದುಕೊಳ್ಳುವ ಅಭ್ಯಾಸ ಸಿಗುವುದು ಆ ಕೊನೆಯ ಸುತ್ತುಗಳಲ್ಲಿ.

ಕಾಲಿಂಗ್ ಬೆಲ್ ಕೇಳಿದರೇ ಹುಚ್ಚಾಗುವ ನಾಯಿಗೆ ಚಾಪೆ ಕಲಿಸಿ. ಚಾಪೆಯ ಮೇಲೆ ಕಾಲಿಟ್ಟರೆ ಟ್ರೀಟ್, ಮಲಗಿದರೆ ಇನ್ನಷ್ಟು ಟ್ರೀಟ್. ಅದು ಗಟ್ಟಿಯಾದ ಮೇಲೆ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತುಂಬ ಮೆಲ್ಲಗೆ ಕೇಳಿಸಿ, ಕೂಡಲೇ ಚಾಪೆಗೆ ಕರೆದು ಟ್ರೀಟ್ ಕೊಡಿ. ದಿನದಿಂದ ದಿನಕ್ಕೆ ಸದ್ದು ಸ್ವಲ್ಪ ಸ್ವಲ್ಪ ಏರಿಸಿ. ಬೆಲ್ ಎಂದರೆ ಚಾಪೆ ಎಂದು ಅದಕ್ಕೆ ಗಟ್ಟಿಯಾಗಲು ವಾರಗಳೇ ಬೇಕು.

"ಪರವಾಗಿಲ್ಲ ಬಿಡಿ, ನಂಗೆ ನಾಯಿ ಅಂದ್ರೆ ತುಂಬಾ ಇಷ್ಟ" ಎನ್ನುತ್ತ ಎಗರಿದ ನಾಯಿಯನ್ನು ಅಪ್ಪಿಕೊಳ್ಳುವವರು ಬರುತ್ತಾರೆ. ಅವರ ಪ್ರೀತಿ ನಿಜ. ಆದರೆ ಅವರಿಗೆ ಪಾಠ ಹೇಳುವುದಕ್ಕಿಂತ ನಾಯಿಯನ್ನು ಕರೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿಯುವುದು ಸುಲಭ. "ಅದು ಕಲೀತಾ ಇದೆ, ಕಾಲು ಕೆಳಗಿಟ್ಟಾಗ ಮಾತಾಡಿಸ್ತೀರಾ?" ಎಂದು ಕೇಳಿ. ಇಷ್ಟು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 6: ಬೀದಿಯಲ್ಲಿ

ಎದುರಿಗೆ ಬರುವ ಎಲ್ಲರನ್ನೂ ನಾಯಿ ಮಾತಾಡಿಸಬೇಕಿಲ್ಲ. ಹೆಚ್ಚಿನವರ ಪಕ್ಕದಿಂದ ಸುಮ್ನೆ ಹಾದು ಹೋಗುವುದಕ್ಕೇ ಟ್ರೀಟ್ ಕೊಡಿ. ಯಾರಾದರೂ ನಿಂತು ಮಾತಾಡಿಸಲು ಬಂದರೆ ಲೀಶನ್ನು ನಿಮ್ಮ ಪಾದದ ಕೆಳಗೆ ಒತ್ತಿ ನಿಲ್ಲಿ. ನಾಯಿ ಆರಾಮಾಗಿ ನಿಲ್ಲುವಷ್ಟು ಸಡಿಲ ಇರಲಿ, ಎದೆಯೆತ್ತರ ನೆಗೆಯುವಷ್ಟು ಬೇಡ. ಬಿಗಿಯಾಗಿ ಎಳೆದು ಹಿಡಿದರೆ ನಾಯಿಯ ಚಡಪಡಿಕೆ ಹೆಚ್ಚುತ್ತದೆ. ತಾನಾಗೇ ಉದ್ದವಾಗುವ, ಸುತ್ತಿಕೊಳ್ಳುವ ಲೀಶ್ ಈ ಕೆಲಸಕ್ಕೆ ಬೇಡವೇ ಬೇಡ. ಭೇಟಿ ಮೂರು ಸೆಕೆಂಡಿನದ್ದಾಗಿರಲಿ. ಆಮೇಲೆ ಕರೆದು ಟ್ರೀಟ್ ಕೊಟ್ಟು ಮುಂದೆ ನಡೆಯಿರಿ. ಉದ್ದ ಭೇಟಿಯಲ್ಲಿ ಉತ್ಸಾಹ ಏರುತ್ತ ಹೋಗಿ ಕೊನೆಗೆ ಎಗರಿಯೇ ಎಗರುತ್ತದೆ.

ಮಕ್ಕಳು ಮತ್ತು ಹಿರಿಯರು

ಓಡುವ, ಚೀರುವ, ಕೈ ಮೇಲೆತ್ತುವ ಮಗು ಎಳೆ ನಾಯಿಗೆ ಆಟಕ್ಕೆ ಕರೆದಂತೆ. ಮಕ್ಕಳಿಗೆ ಮರದ ಹಾಗೆ ನಿಲ್ಲಲು ಕಲಿಸಿ: ಕಾಲು ಅಲುಗಾಡಬಾರದು, ಕೈ ಕೊಂಬೆಯಂತೆ ಮಡಚಿಕೊಂಡಿರಬೇಕು, ಕಣ್ಣು ತಮ್ಮ ಪಾದದ ಮೇಲಿರಬೇಕು. ನಾಯಿಗೆ ಬೇಸರವಾಗಿ ಹೋಗುತ್ತದೆ. ಆದರೂ ಈ ಜವಾಬ್ದಾರಿ ಮಗುವಿನದ್ದಲ್ಲ, ದೊಡ್ಡವರದು. ಚಿಕ್ಕ ಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಲೇಬೇಡಿ. ನಡೆದಾಡಲು ಕಷ್ಟಪಡುವ ಹಿರಿಯರು ಮನೆಯಲ್ಲಿದ್ದರೆ ಅಭ್ಯಾಸ ಪೂರ್ತಿ ಗಟ್ಟಿಯಾಗುವ ತನಕ ಲೀಶ್ ಅಥವಾ ಗೇಟು ಇರಲೇಬೇಕು. ಅವರ ಮೇಲೆ ಪ್ರಯೋಗ ಮಾಡಬಾರದು.

ಕಡೆಗಣಿಸಿದರೂ ನಿಲ್ಲದಿದ್ದರೆ

ಕೆಲವು ನಾಯಿಗಳಿಗೆ ಎಗರುವುದೇ ಮಜಾ. ನೀವು ಬೆನ್ನು ತಿರುಗಿಸಿದರೆ ಬೆನ್ನ ಮೇಲೆ ಎಗರುತ್ತವೆ, ಅಂಗಿ ಕಚ್ಚಿ ಎಳೆಯುತ್ತವೆ. ಅಂಥ ನಾಯಿಯ ಎದುರು ಸುಮ್ಮನೆ ನಿಂತು ಸಹಿಸುವುದರಿಂದ ಏನೂ ಆಗುವುದಿಲ್ಲ. ಮಾತಿಲ್ಲದೆ ಗೇಟು ದಾಟಿ ಆಚೆ ಹೋಗಿ. 20, 30 ಸೆಕೆಂಡ್ ಬಿಟ್ಟು ಬಂದು, ಕಾಲು ಕೆಳಗಿದ್ದರೆ ನೆಲಕ್ಕೆ ಟ್ರೀಟ್ ಎಸೆಯಿರಿ. ಪದೇ ಪದೇ ಹೀಗಾದರೆ ಅದಕ್ಕೆ ಸುಸ್ತಾಗಿದೆಯೋ, ನಿದ್ದೆ ಬಂದಿದೆಯೋ ಎಂದು ನೋಡಿ.

ಮೊದಲ ದಿನಗಳಲ್ಲಿ ಎಗರುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಇಷ್ಟು ದಿನ ಕೆಲಸ ಮಾಡಿದ ಉಪಾಯ ಈಗ ಕೆಲಸ ಮಾಡುತ್ತಿಲ್ಲ ಎಂದು ನಾಯಿ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಇದು ಕಲಿಕೆಯ ಭಾಗ. ಇಲ್ಲಿ ಮಣಿದರೆ ಇನ್ನೂ ಜೋರಾಗಿ ಎಗರಬೇಕು ಎಂದು ಕಲಿಸಿದಂತಾಗುತ್ತದೆ. ಹರೆಯದ ಸಮಸ್ಯೆಯೂ ಇದೆ. 2020ರಲ್ಲಿ 'ಬಯಾಲಜಿ ಲೆಟರ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿಗಳು ಎಂಟು ತಿಂಗಳಲ್ಲಿ ತಮ್ಮ ಸಾಕಿದವರ ಮಾತನ್ನು ಕಡಿಮೆ ಕೇಳಿದವು, ಅಪರಿಚಿತರ ಮಾತನ್ನಲ್ಲ. ನಿಮ್ಮ ನಾಯಿ ಕಲಿತದ್ದನ್ನು ಮರೆತಂತೆ ಕಂಡರೆ ಸಿಟ್ಟಾಗಬೇಡಿ. ಅದರ ವಯಸ್ಸು ಹಾಗಿದೆ. ಒಂದೆರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರು ಮಾಡಿ.

ಇವನ್ನು ಮಾಡಬೇಡಿ

ಮೊಣಕಾಲಿನಿಂದ ಎದೆಗೆ ಗುದ್ದುವುದು, ಹಿಂಗಾಲು ತುಳಿಯುವುದು, ಮುಂಗಾಲನ್ನು ಹಿಂಡಿ ಹಿಡಿಯುವುದು, ಮೊಳೆ ಬೆಲ್ಟ್, ಶಾಕ್ ಬೆಲ್ಟ್: ಇವೆಲ್ಲ ಇಂದಿಗೂ ಕೆಲವರು ಹೇಳಿಕೊಡುವ ಉಪಾಯಗಳು. ದಯವಿಟ್ಟು ಮಾಡಬೇಡಿ. ನಾಯಿಗೆ ಗಾಯವಾಗಬಹುದು. ಅದಕ್ಕಿಂತ ಹೆಚ್ಚಾಗಿ, ಮನುಷ್ಯರು ಹತ್ತಿರ ಬಂದರೆ ನೋವಾಗುತ್ತದೆ ಎಂದು ಅದು ಕಲಿಯುತ್ತದೆ. ಇಂದು ಪ್ರೀತಿಯಿಂದ ಎಗರುವ ನಾಯಿ ನಾಳೆ ಭಯದಿಂದ ಗುರುಗುಟ್ಟಬಹುದು. ಅಮೆರಿಕದ ಪ್ರಾಣಿ ನಡವಳಿಕೆ ಪಶುವೈದ್ಯರ ಸಂಘ 2021ರ ತನ್ನ ಹೇಳಿಕೆಯಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ತರಬೇತಿಯನ್ನೇ ಶಿಫಾರಸು ಮಾಡಿದೆ.

ಎಲ್ಲ ಎಗರಾಟವೂ ಖುಷಿಯದ್ದಲ್ಲ ಎಂಬುದೂ ನೆನಪಿರಲಿ. ಮೈ ಸೆಟೆದುಕೊಂಡಿದ್ದರೆ, ಬಾಲ ಬಿಗಿಯಾಗಿದ್ದರೆ ಅಥವಾ ಹೊಟ್ಟೆಯಡಿ ಸೇರಿದ್ದರೆ, ಕಣ್ಣಿನ ಬಿಳಿ ಜಾಸ್ತಿ ಕಾಣುತ್ತಿದ್ದರೆ, ಮೂತಿಯಿಂದ ಗುದ್ದುತ್ತಿದ್ದರೆ ಅದು ಭಯ ಅಥವಾ ಒತ್ತಡ ಇರಬಹುದು. ಆಗ ಈ ಪಾಠಗಳನ್ನು ನಿಲ್ಲಿಸಿ ಪಶುವೈದ್ಯರನ್ನು ನೋಡಿ. ಹೊಡೆಯದೆ ಕಲಿಸುವ ಅನುಭವಿ ತರಬೇತುದಾರರ ಸಹಾಯವನ್ನೂ ಪಡೆಯಿರಿ.

ಟ್ರೀಟ್ ಕಡಿಮೆ ಮಾಡುವುದು ಯಾವಾಗ

ಮನೆಯವರು, ಗೆಳೆಯರು, ಅಪರಿಚಿತರು ಹೀಗೆ ಬೇರೆ ಬೇರೆಯವರ ಎದುರು ಹತ್ತರಲ್ಲಿ ಒಂಬತ್ತು ಸಲ ಕಾಲು ಕೆಳಗಿದ್ದರೆ ಟ್ರೀಟ್ ಕಡಿಮೆ ಮಾಡಲು ಶುರು ಮಾಡಬಹುದು. ಒಮ್ಮೆಲೇ ನಿಲ್ಲಿಸಬೇಡಿ. ಒಂದು ಸಲ ಟ್ರೀಟ್, ಇನ್ನೊಂದು ಸಲ ಎದೆ ಸವರುವುದು, ಮತ್ತೊಂದು ಸಲ ಚೆಂಡು. ಮುದ್ದು, ಮಾತು ಮಾತ್ರ ಎಂದಿಗೂ ನಿಲ್ಲಬಾರದು. ನಾಯಿ ಎಗರುತ್ತಿದ್ದದ್ದೇ ಅದಕ್ಕಾಗಿ. ಅದರ ಅಪ್ಪುಗೆ ನಿಮಗೂ ಇಷ್ಟವಾದರೆ ಅದನ್ನೂ ಉಳಿಸಿಕೊಳ್ಳಬಹುದು. ಎಗರುವುದು ಪೂರ್ತಿ ನಿಂತ ಮೇಲೆ "ಅಪ್" ಎಂಬಂಥ ಬೇರೊಂದು ಪದ ಕಲಿಸಿ, ಕರೆದಾಗ ಮಾತ್ರ ಬರಲಿ. ಕರೆಯದೆ ಬಂದರೆ ಅಪ್ಪುಗೆ ಇಲ್ಲ. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಬೇಡ. ಅವರೂ ಆ ಪದ ಹೇಳಲು ಶುರು ಮಾಡುತ್ತಾರೆ.

ಬಾಗಿಲ ಬಳಿಯ ಡಬ್ಬಿಯನ್ನು ಇನ್ನೂ ಕೆಲವು ತಿಂಗಳು ತೆಗೆಯಬೇಡಿ. ಹಬ್ಬ, ಸಮಾರಂಭ ಅಂತ ಮನೆ ತುಂಬ ಜನ ಬಂದು ಹೋದ ಮೇಲೆ ಹಳೆಯ ಚಾಳಿ ಒಮ್ಮೊಮ್ಮೆ ಮರಳುತ್ತದೆ. ಆಗ ಒಂದು ವಾರ ಲೀಶ್ ಹಾಕಿ ಎರಡನೇ ಹೆಜ್ಜೆಯಿಂದ ಮತ್ತೆ ಮಾಡಿ. ಎರಡನೇ ಸಲ ಕಲಿಯಲು ನಾಯಿಗೆ ಮೊದಲಿನಷ್ಟು ಸಮಯ ಬೇಕಾಗುವುದಿಲ್ಲ.